ಸುಡುಬಿಸಿಲಿನಲ್ಲಿ ಅಭಯಾರಣ್ಯಕ್ಕೆ ಹೋಗುವುದು ಸರಿಯೇ? ಹೋದರೆ ಹೇಗಿರಬೇಕು?

ಹೊಂಗೆನೆರಳು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಮುಂದಿನ ವಾರದ ಕೊನೆಗೆ ಒಂದು ಅಭಯಾರಣ್ಯಕ್ಕೆ ಹೋಗಲು ಮನೆಯವರೆಲ್ಲ ಸೇರಿ ಕಾಯ್ದಿರಿಸಿದ್ದೇವೆ. ನಾನು, ನನ್ನ ಹೆಂಡತಿ, ಆರು ವರ್ಷದ ಮಗಳು, ಎಪ್ಪತ್ತು ದಾಟಿದ ಅತ್ತೆಯವರು, ಜೊತೆಗೆ ಭಾವನ ಸಂಸಾರ. ಈಗ ಹವಾಮಾನ ಮುನ್ಸೂಚನೆ ನೋಡಿದರೆ ಎರಡೂ ದಿನ ಉಷ್ಣಾಂಶ 40 ಡಿಗ್ರಿಯ ಆಸುಪಾಸಿನಲ್ಲಿದೆ.

ಪ್ರಾಣಿಗಳನ್ನು ನೋಡಲು ಇದೇ ಒಳ್ಳೆಯ ಕಾಲ ಎಂಬುದು ಭಾವನ ವಾದ. ಪೊದೆಗಳೆಲ್ಲ ಒಣಗಿರುತ್ತವೆ, ದೂರದವರೆಗೂ ಕಾಣುತ್ತದೆ, ನೀರಿನ ಹೊಂಡದ ಬಳಿ ಗಾಡಿ ನಿಲ್ಲಿಸಿದರೆ ಸಾಕು, ಎಲ್ಲವೂ ತಾವಾಗಿಯೇ ಬರುತ್ತವೆ ಎನ್ನುತ್ತಾರೆ. ಅವರ ನಾಯಿಯನ್ನೂ ಕರೆತರುವ ಯೋಚನೆ ಇದೆ. ಹೊರವಲಯದ ಕಾಲುದಾರಿಗಳಲ್ಲಿ ಹಗ್ಗ ಹಿಡಿದುಕೊಂಡರೆ ನಾಯಿಗೆ ಅವಕಾಶವಿದೆಯಂತೆ. ಮಗಳಂತೂ ಹಕ್ಕಿಗಳಿಗೆ ನೀರಿಡಲು ಈಗಲೇ ಬಟ್ಟಲುಗಳನ್ನು ಆರಿಸಿಟ್ಟಿದ್ದಾಳೆ.

ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ನಾವೇ ನೆರಳು ಹುಡುಕುವ ಬಿಸಿಲಿನಲ್ಲಿ ಹೋಗಿ ಅವುಗಳ ಎದುರು ನಿಲ್ಲುವುದು ಸರಿಯೇ? ಹೋಗುವುದೇ ಆದರೆ ಏನೇನು ಮಾಡಬಾರದು? ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ಮರಕುಟಿಗ

ನಾಯಿಯನ್ನು ಮನೆಯಲ್ಲೇ ಬಿಡಿ. ಉಳಿದದ್ದೆಲ್ಲ ಆಮೇಲಿನ ಮಾತು.

ದಿಬ್ಬದಾಚೆ

ನಿಮ್ಮ ಭಾವ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಒಣಗಾಲದಲ್ಲಿ ಪ್ರಾಣಿಗಳು ಕಾಣಸಿಗುವುದು ಹೆಚ್ಚು. ಬೆಳಕು ಹರಿಯುವ ಹೊತ್ತಿಗೆ ಪ್ರವೇಶದ್ವಾರದಲ್ಲಿರಿ, ಹತ್ತು ಗಂಟೆಯೊಳಗೆ ಹೊರಗೆ ಬನ್ನಿ. ಬಿಸಿಲು ಇಳಿದ ಮೇಲೆ ಬೇಕಿದ್ದರೆ ಇನ್ನೊಮ್ಮೆ ಹೋಗಿ. ನಡುಹಗಲಿನಲ್ಲಿ ಪ್ರಾಣಿಗಳು ಪೊದೆಯ ಬುಡ ಬಿಟ್ಟು ಏಳುವುದಿಲ್ಲ, ನಿಮಗೂ ಏನೂ ಕಾಣುವುದಿಲ್ಲ. ಇಷ್ಟು ಪಾಲಿಸಿದರೆ ಪ್ರವಾಸವನ್ನೇ ಕೈಬಿಡುವ ಅಗತ್ಯವಿಲ್ಲ.

ಟಿಟ್ಟಿಭ

ದಿಬ್ಬದಾಚೆ ಅವರೇ, ಕಾಣಸಿಗುವುದು ಹೆಚ್ಚು, ಒಪ್ಪಿದೆ. ಏಕೆ ಹೆಚ್ಚು ಎಂಬುದನ್ನೂ ಹೇಳಬೇಕಲ್ಲವೇ? ಬೇರೆಲ್ಲಿಯೂ ನೀರಿಲ್ಲ ಎಂಬ ಕಾರಣಕ್ಕೆ ಅವು ಅಲ್ಲಿಗೆ ಬಂದಿರುತ್ತವೆ. ಮಳೆಗಾಲ ಮುಗಿದ ಹೊಸತರಲ್ಲಿ ನಮ್ಮನ್ನು ಕಂಡು ಬೆದರಿದ ಜಿಂಕೆ ಇನ್ನೊಂದು ಹಳ್ಳಕ್ಕೆ ಹೋಗಿ ಕುಡಿಯುತ್ತದೆ. ಈಗ ಬೆದರಿ ಓಡಿದರೆ ಆ ಹೊತ್ತಿನ ನೀರು ತಪ್ಪಿತು, ಓಡಿದ್ದಕ್ಕೆ ಮೈಬಿಸಿಯೂ ಏರಿತು. ನಮ್ಮ ನಡವಳಿಕೆ ಅದೇ, ಅದರಿಂದಾಗುವ ನಷ್ಟ ಮಾತ್ರ ಬಿಸಿಲಿನಲ್ಲಿ ಬೇರೆ. ನನ್ನ ಇಡೀ ವಾದ ಇದೇ.

ಹಕ್ಕಿಗಳ ವಿಷಯದಲ್ಲಿ ಇದು ಇನ್ನೂ ತೀವ್ರ. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಕೊಕ್ಕು ತೆರೆದು, ಗಂಟಲನ್ನು ಪಟಪಟನೆ ಅದುರಿಸುತ್ತ ಕುಳಿತಿದೆ ಎಂದರೆ ಅದು ಮೈ ತಣಿಸಿಕೊಳ್ಳಲು ಹೆಣಗುತ್ತಿದೆ ಎಂದು ಅರ್ಥ. ಒಳ್ಳೆಯ ಚಿತ್ರ ಸಿಗುತ್ತದೆ ಎಂದು ಹತ್ತಿರ ಹೋಗಬೇಡಿ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಸ್ಥಿತಿ ನೋಡಿ. ಚಳಿಯಲ್ಲಿ ಕಾವು ಕೊಡಲು ಕೂರುವ ತಾಯಿ ಸುಡುಬಿಸಿಲಿನಲ್ಲಿ ನೆರಳು ಕೊಡಲು ಕೂರುತ್ತದೆ. ಟಿಟ್ಟಿಭ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ಬಿಸಿಲಿಗೆ ಕಾದ ಮರಳಿನ ಶಾಖ ಗಾಳಿಯ ಶಾಖಕ್ಕಿಂತ ಎಷ್ಟೋ ಹೆಚ್ಚು. ನಾವು ಗೂಡಿನ ಹತ್ತಿರ ನಿಂತಿದ್ದಷ್ಟು ಹೊತ್ತೂ ತಾಯಿ ಹಿಂದಿರುಗುವುದಿಲ್ಲ, ಒಳಗಿನ ಭ್ರೂಣ ಬೇಯುತ್ತಿರುತ್ತದೆ.

ಹಕ್ಕಿಯೊಂದು ತಲೆಯ ಮೇಲೆ ಕೂಗುತ್ತ ಸುತ್ತಿದರೆ, ಅಥವಾ ರೆಕ್ಕೆ ಮುರಿದಂತೆ ನೆಲದಲ್ಲಿ ಎಳೆದುಕೊಂಡು ಹೋದರೆ, ಕಾಲಡಿ ನೋಡಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಗೂಡು ಎಲ್ಲಿದೆ ಎಂದು ಹುಡುಕಲು ನಿಲ್ಲಬೇಡಿ.

ಕಾಡಿಗೆ ಬಿಡುವು

ನನ್ನ ಮಾತು ನೇರ. ಬಿಸಿಗಾಳಿಯ ದಿನಗಳಲ್ಲಿ ಅಭಯಾರಣ್ಯಗಳನ್ನು ಪೂರ್ತಿಯಾಗಿ ಮುಚ್ಚಬೇಕು. 2018ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬಿಸಿಲಿನ ಒಂದೇ ಹೊಡೆತಕ್ಕೆ ಸುಮಾರು 23,000 ಕನ್ನಡಕದ ಹಣ್ಣುಬಾವಲಿಗಳು (ಕಣ್ಣಿನ ಸುತ್ತ ಕನ್ನಡಕದಂಥ ಗುರುತಿರುವ ಬಾವಲಿಗಳು) ಸತ್ತು ಮರದಿಂದ ಉದುರಿದವು. 42 ಡಿಗ್ರಿ ದಾಟಿತೆಂದರೆ ಅವುಗಳ ದೇಹ ತಡೆದುಕೊಳ್ಳುವುದಿಲ್ಲ. ಅಂಥ ದಿನ ಮರದ ಕೆಳಗೆ ನಿಂತು ಒಬ್ಬ ಚಪ್ಪಾಳೆ ತಟ್ಟಿ ಗುಂಪನ್ನು ಎಬ್ಬಿಸಿದ ಎಂದುಕೊಳ್ಳಿ. ಬದುಕುಳಿಯಬಹುದಾಗಿದ್ದವೂ ಉಳಿಯುವುದಿಲ್ಲ. ಇಷ್ಟೆಲ್ಲ ತಿಳಿದೂ ನಾವು ಕಾಯ್ದಿರಿಸಿದ್ದೇವೆ ಎಂಬ ನೆಪಕ್ಕೆ ಹೋಗಬೇಕೇ?

ಕಾಲುದಾರಿ

ಕಾಡಿಗೆ ಬಿಡುವು ಅವರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ಮುಚ್ಚುವುದು, ತೆರೆಯುವುದು ಎಂಬ ಎರಡೇ ದಾರಿಗಳಿಲ್ಲ. ಚೆನ್ನಾಗಿ ನಡೆಸುವ ಕಡೆ ಉಷ್ಣಾಂಶಕ್ಕೆ ತಕ್ಕ ನಿಯಮಗಳಿವೆ. ಆಸ್ಟ್ರೇಲಿಯಾದ ಉಲುರು–ಕಟ ಜುಟ ಉದ್ಯಾನದಲ್ಲಿ ಆ ದಿನದ ಮುನ್ಸೂಚನೆ 36 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ 'ವ್ಯಾಲಿ ಆಫ್ ದ ವಿಂಡ್ಸ್' ದಾರಿಯ ದೂರದ ಭಾಗವನ್ನು ಬೆಳಿಗ್ಗೆ 11ಕ್ಕೆ ಮುಚ್ಚುತ್ತಾರೆ. ಫ್ರಾನ್ಸ್‌ನ ಕಲಾಂಕ್ ಉದ್ಯಾನದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿದಿನದ ಬೆಂಕಿ ಅಪಾಯಕ್ಕೆ ಒಂದೊಂದು ಬಣ್ಣ. ಕೆಂಪು ಬಂದ ದಿನ ಒಳಗೆ ಯಾರೂ ಇಲ್ಲ. ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ 2021ರ ಜುಲೈನಲ್ಲಿ ನದಿನೀರಿನ ಉಷ್ಣಾಂಶ 20 ಡಿಗ್ರಿ ದಾಟತೊಡಗಿದಾಗ ಮಧ್ಯಾಹ್ನ ಎರಡರ ನಂತರ ಮೀನು ಹಿಡಿಯುವುದನ್ನು ನಿಲ್ಲಿಸಿದರು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಗಾಳ ಹಾಕಿ ಹಿಡಿದು ಬಿಟ್ಟ ಮೀನೂ ಆಗ ಸುಧಾರಿಸಿಕೊಳ್ಳಲಾರದೆ ಸಾಯುತ್ತದೆ.

ಹೊಂಗೆನೆರಳು ಅವರು ಮಾಡಬೇಕಾದ ಮೊದಲ ಕೆಲಸ, ಹೊರಡುವ ಹಿಂದಿನ ಸಂಜೆ ಮತ್ತು ಅದೇ ಬೆಳಿಗ್ಗೆ ಆ ಅಭಯಾರಣ್ಯದ ಕಚೇರಿಗೆ ಫೋನ್ ಮಾಡಿ ಯಾವ ದಾರಿ ತೆರೆದಿದೆ, ಎಷ್ಟು ಗಂಟೆಯವರೆಗೆ ಎಂದು ಕೇಳುವುದು. ವಾರದ ಹಿಂದೆ ಓದಿದ ಮಾಹಿತಿಯನ್ನು ನಂಬಬೇಡಿ.

ಕಾಡಿಗೆ ಬಿಡುವು

ನಿಯಮ ಇದ್ದ ಕಡೆ ಸರಿ. ಎಷ್ಟೋ ಕಡೆ ಇಲ್ಲವಲ್ಲ. ಅಲ್ಲಿ ಯಾರು ಮುಚ್ಚಬೇಕು?

ಕಾಲುದಾರಿ

ಅಲ್ಲಿ ನಮ್ಮ ಕಾಲನ್ನು ನಾವೇ ತಡೆಯಬೇಕು. ಅದಕ್ಕೇ ಈ ಚರ್ಚೆ.

ಬೂದಿಗುಡ್ಡ

ಬೆಂಕಿಯ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ಕಾಡ್ಗಿಚ್ಚು ಆರಿಸುವ ಸ್ವಯಂಸೇವಕರ ಜೊತೆ ಕೆಲಸ ಮಾಡುತ್ತೇನೆ. ಜನ 'ನಾವು ಬೆಂಕಿ ಹಚ್ಚುವುದಿಲ್ಲ, ನಮಗೇಕೆ ಈ ಮಾತು' ಎನ್ನುತ್ತಾರೆ. ಬೆಂಕಿ ಹಚ್ಚಬೇಕೆಂದು ಹೊರಟವರಿಂದ ಆದದ್ದಕ್ಕಿಂತ ಹಚ್ಚುವ ಉದ್ದೇಶವೇ ಇಲ್ಲದವರಿಂದ ಆದ ಅನಾಹುತಗಳನ್ನು ಕೇಳಿ.

1988ರಲ್ಲಿ ಯೆಲ್ಲೋಸ್ಟೋನ್ ಉದ್ಯಾನದ ಶೇ 36ರಷ್ಟು ಭಾಗ ಬೆಂಕಿಗೆ ಸಿಕ್ಕಿತು. ಆ ವರ್ಷದ ಬೆಂಕಿಗಳಲ್ಲಿ ಅತಿ ದೊಡ್ಡದು ಹುಟ್ಟಿದ್ದು ಗಡಿಯ ಹೊರಗೆ ಸೌದೆ ಕಡಿಯಲು ಬಂದವರು ಬಿಸಾಡಿದ ಸಿಗರೇಟಿನಿಂದ. 2017ರಲ್ಲಿ ಅಮೆರಿಕದ ಕೊಲಂಬಿಯಾ ನದಿಯ ಕಮರಿಯಲ್ಲಿ ಹುಡುಗನೊಬ್ಬ ಪಟಾಕಿ ಎಸೆದ. ಸುಮಾರು 150 ಚಾರಣಿಗರು ರಾತ್ರಿಯಿಡೀ ಕಾಡಿನಲ್ಲೇ ಸಿಕ್ಕಿಕೊಂಡರು, 48,000ಕ್ಕೂ ಹೆಚ್ಚು ಎಕರೆ ಸುಟ್ಟಿತು. 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಳೆದೊಯ್ಯುತ್ತಿದ್ದ ಟ್ರೇಲರ್ ಒಂದರ ಟೈರ್ ಸಿಡಿಯಿತು, ಟೈರಿಲ್ಲದ ಗಾಲಿ ರಸ್ತೆಗೆ ಉಜ್ಜಿ ಕಿಡಿ ಹಾರಿತು. ಅಷ್ಟೇ. ಎರಡು ಲಕ್ಷ ಎಕರೆಗೂ ಮೀರಿ ಸುಟ್ಟುಹೋಯಿತು, ಅಲ್ಲಿನ ವಿಸ್ಕಿಟೌನ್ ಸಂರಕ್ಷಿತ ಪ್ರದೇಶ ಬಹುಪಾಲು ಉಳಿಯಲೇ ಇಲ್ಲ. ಅದೇ 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಚಾರಣಿಗರು ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಬಹುಪಾಲು ಜನ ಗಮನಿಸದ ವಿಷಯ ಗಾಡಿ ನಿಲ್ಲಿಸುವ ಜಾಗ. ಗಾಡಿಯ ಹೊಗೆಕೊಳವೆಯ ಸಾಲಿನಲ್ಲಿರುವ ಭಾಗಗಳು ಒಣಹುಲ್ಲನ್ನು ಹೊತ್ತಿಸುವಷ್ಟು ಕಾದಿರುತ್ತವೆ. ನೆರಳಿದೆ ಎಂದು ದಾರಿ ಬಿಟ್ಟು ಮೊಣಕಾಲೆತ್ತರದ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಿ ಎಲ್ಲರೂ ಇಳಿದು ಹೋಗುತ್ತಾರೆ. ಹಿಂದಿರುಗುವಷ್ಟರಲ್ಲಿ ಅಡಿಯಲ್ಲಿ ಹೊಗೆ. ಬರಿನೆಲ ಇಲ್ಲವೇ ಜಲ್ಲಿ ಹಾಕಿದ ಜಾಗದಲ್ಲಿ ಮಾತ್ರ ನಿಲ್ಲಿಸಿ, ಬಿಸಿಲಾದರೂ ಪರವಾಗಿಲ್ಲ. ಅಡುಗೆಯ ಒಲೆ, ಧೂಪ, ಸೊಳ್ಳೆಬತ್ತಿ, ಸಿಗರೇಟು ಯಾವುದೂ ಬೇಡ. ಶೌಚದ ಕಾಗದವನ್ನು ಸುಡುವ ಅಭ್ಯಾಸವೊಂದಿದೆ, ಅದಂತೂ ಬೇಡವೇ ಬೇಡ. ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ.

ಚಿಗುರೆಲೆ

ಗಾಜಿನ ಬಾಟಲಿಯನ್ನು ಬಿಟ್ಟಿರಲ್ಲ ಬೂದಿಗುಡ್ಡ ಅವರೇ. ಬಿಸಿಲು ಗಾಜಿನ ಚೂರಿನ ಮೇಲೆ ಬಿದ್ದು ಬೆಂಕಿ ಹತ್ತುತ್ತದೆ ಎಂದು ಶಾಲೆಯಲ್ಲೇ ಓದಿದ್ದೇವೆ.

ಬೂದಿಗುಡ್ಡ

ಬೇಕೆಂದೇ ಬಿಟ್ಟೆ. ಕಿರಣಗಳು ಒಂದೇ ಬಿಂದುವಿನಲ್ಲಿ ಕೂಡಿಕೊಳ್ಳಲು ಗಾಜು ಮಸೂರದ ಆಕಾರದಲ್ಲಿರಬೇಕು, ಒಣಹುಲ್ಲು ಸರಿಯಾದ ದೂರದಲ್ಲಿರಬೇಕು. ಚಪ್ಪಟೆ ಚೂರಿನಿಂದ ಇದು ಆಗುವುದು ಕಷ್ಟ. ನೀರು ತುಂಬಿದ ದುಂಡನೆಯ ಪಾರದರ್ಶಕ ಬಾಟಲಿಯಿಂದ ಆಗಬಹುದು. ಗಾಜನ್ನು ಕಾಡಿನಲ್ಲಿ ಬಿಡಬಾರದು ಎಂಬುದಕ್ಕೆ ಪ್ರಾಣಿಗಳ ಪಾದ ಸಾಕಷ್ಟು ದೊಡ್ಡ ಕಾರಣ. ಆದರೆ ಬಾಟಲಿಯ ಭಯದಲ್ಲಿ ಗಾಡಿಯ ಬಿಸಿ ಕೊಳವೆಯನ್ನು ಮರೆಯಬೇಡಿ ಎಂಬುದು ನನ್ನ ಒತ್ತಾಯ.

ಚಿಗುರೆಲೆ

ಪ್ಲಾಸ್ಟಿಕ್ ಬಾಟಲಿಯ ನೀರಿನಿಂದಲೂ ಆಗಬಹುದು ಎಂದಾಯಿತು. ಒಟ್ಟಿನಲ್ಲಿ ಯಾವ ಬಾಟಲಿಯನ್ನೂ ಹುಲ್ಲಿನ ಮೇಲೆ ಬಿಡಬೇಡಿ ಎಂದೇ ಹೇಳಿಬಿಡಿ.

ಬೂದಿಗುಡ್ಡ

ಆಯಿತು, ಹಾಗೆಯೇ ಇರಲಿ.

ಅಂಬೆಗಾಲು

ನಾಯಿಯ ಬಗ್ಗೆ ಮರಕುಟಿಗ ಅವರು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು. ನಮ್ಮದೂ ನಾಯಿ ಸಾಕುವ ಮನೆ. ನಿಯಮದಲ್ಲೇ ಅವಕಾಶವಿದೆ ಎಂದ ಮೇಲೆ, ಹಗ್ಗ ಹಿಡಿದಿದ್ದರೆ ಏನು ತೊಂದರೆ?

ಗೊರಸು

ಅಂಬೆಗಾಲು ಅವರೇ, ನಾನು ಪಶುವೈದ್ಯ. ಕಾರಣ ಹೇಳುತ್ತೇನೆ, ತೀರ್ಮಾನ ನಿಮ್ಮದು.

ನಾಯಿಗೆ ಬೆವರಿನ ಗ್ರಂಥಿಗಳು ಮುಖ್ಯವಾಗಿ ಪಾದದ ಅಡಿಯಲ್ಲಿವೆ, ಅವು ಮೈ ತಣಿಸಲು ಏನೇನೂ ಸಾಲವು. ಅದು ತಣಿಯುವುದು ಏದುಸಿರಿನಿಂದ. ಗಾಳಿಯಲ್ಲಿ ಶಾಖದ ಜೊತೆ ತೇವವೂ ಇದ್ದರೆ ಏದುಸಿರೂ ಕೆಲಸ ಮಾಡುವುದಿಲ್ಲ. ಮೂತಿ ಚಪ್ಪಟೆಯಾದ ತಳಿಗಳಲ್ಲಿ ಉಸಿರಿನ ದಾರಿಯೇ ಕಿರಿದು. ಜೊತೆಗೆ ಕಾಲಡಿಯ ನೆಲ. ಅಂಗೈ ಹಿಂಭಾಗವನ್ನು ದಾರಿಯ ಮೇಲೆ ಇಟ್ಟು ಐದಾರು ಸೆಕೆಂಡು ಹಿಡಿಯಲಾಗದಿದ್ದರೆ ನಾಯಿಯ ಪಾದವೂ ಅಲ್ಲಿ ಸುಡುತ್ತದೆ. ಗಾಡಿಯಲ್ಲಿ ಬಿಟ್ಟು ಹೋಗುತ್ತೇವೆ ಎನ್ನಬೇಡಿ. ನಿಲ್ಲಿಸಿದ ಗಾಡಿಯೊಳಗೆ 20 ನಿಮಿಷದಲ್ಲಿ ಉಷ್ಣಾಂಶ ಸುಮಾರು 16 ಡಿಗ್ರಿ ಏರುತ್ತದೆ. ಕಿಟಕಿಯನ್ನು ಬೆರಳಷ್ಟು ತೆರೆದರೆ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ಈ ಮಾತು ಮಕ್ಕಳಿಗೂ ವಯಸ್ಸಾದವರಿಗೂ ಅಷ್ಟೇ ಅನ್ವಯ.

ಇನ್ನು ಕಾಡಿನ ಕಡೆಯಿಂದ ನೋಡಿ. ಹಗ್ಗದಲ್ಲಿದ್ದರೂ ನಾಯಿ ನಾಯಿಯೇ. ಅದರ ವಾಸನೆ ಸಾಕು, ನೆಲದ ಹಕ್ಕಿ ಗೂಡು ಬಿಟ್ಟು ಏಳುತ್ತದೆ. ನಿಂತ ನೀರಿನಲ್ಲಿ ಬಿಸಿಲಿಗೆ ನೀಲಿ-ಹಸಿರು ಪಾಚಿ ಹಬ್ಬಿದ್ದರೆ, ಆ ನೀರು ಕುಡಿದ ನಾಯಿ ಗಂಟೆಗಳಲ್ಲಿ ಸಾಯಬಹುದು. ತಿರುಗಿಸಿ ಹೇಳುವುದಾದರೆ, ಚಿಗಟಕ್ಕೆಂದು ನಾಯಿಯ ಮೈಗೆ ಹಚ್ಚುವ ಫಿಪ್ರೊನಿಲ್, ಇಮಿಡಾಕ್ಲೊಪ್ರಿಡ್‌ನಂಥ ಔಷಧಗಳು ನೀರಿನ ಕೀಟಗಳಿಗೆ ಕಡುವಿಷ. ಇಂಗ್ಲೆಂಡಿನ ನದಿಗಳಲ್ಲಿ ಇವೆರಡೂ ಪತ್ತೆಯಾಗಿವೆ. ಬೇಸಿಗೆಯಲ್ಲಿ ಹೊಂಡದ ನೀರು ಬತ್ತಿ ಕಡಿಮೆಯಾದಾಗ ಒಂದು ನಾಯಿ ಇಳಿದು ಮಿಂದರೂ ವಿಷದ ಸಾಂದ್ರತೆ ಹೆಚ್ಚು.

ಅಂಬೆಗಾಲು

ಔಷಧದ ವಿಷಯ ನನಗೆ ಹೊಸದು. ವಿವರವಾಗಿ ಬರೆದದ್ದಕ್ಕೆ ಧನ್ಯವಾದ, ಡಾಕ್ಟರೇ.

ದಿಬ್ಬದಾಚೆ

ಹಾಗಾದರೆ ಮನುಷ್ಯರು ಹಚ್ಚಿಕೊಳ್ಳುವ ಸನ್‌ಸ್ಕ್ರೀನ್? ಸೊಳ್ಳೆಯ ಲೇಪ? ಅದೂ ನೀರಿಗೆ ಸೇರುವುದಿಲ್ಲವೇ?

ಅಲೆಮಾರಿ ಮೋಡ

ಸೇರುತ್ತದೆ. ಪೆಸಿಫಿಕ್ ಸಾಗರದ ಪಲಾವು ಎಂಬ ದ್ವೀಪದೇಶ 2020ರಿಂದ, ಅಮೆರಿಕದ ಹವಾಯಿ ರಾಜ್ಯ 2021ರಿಂದ ಆಕ್ಸಿಬೆಂಜೋನ್ ಮತ್ತು ಆಕ್ಟಿನೋಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರಾಟವನ್ನು ನಿಷೇಧಿಸಿದವು. ಹವಳದ ದಿಬ್ಬಗಳಿಗೆ ಹಾನಿ ಎಂಬುದು ಕಾರಣ. ಕಾಡಿನ ಹೊಂಡಕ್ಕೆ ಯಾವ ಲೇಪವೂ ಬೇಡ. ನನ್ನ ಮಟ್ಟಿಗೆ ಉದ್ದ ತೋಳಿನ ಸಡಿಲ ಹತ್ತಿ ಅಂಗಿ, ಅಗಲ ಅಂಚಿನ ಟೋಪಿ, ಕತ್ತು ಮುಚ್ಚುವ ಬಟ್ಟೆ ಇವೇ ಸಾಕು. ಬಟ್ಟೆಯನ್ನು ಹೊರಡುವ ಮುಂಚೆ ಕುಡಿಯುವ ನೀರಿನಲ್ಲಿ ಒದ್ದೆ ಮಾಡಿಕೊಂಡರೆ ಎಷ್ಟೋ ಹಿತ. ಬಣ್ಣ ಮಾಸಲಾಗಿರಲಿ.

ನೀರಿಗೆ ಇಳಿಯಲೇಬೇಡಿ. ಮೊಸಳೆ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಬೇರೆ. ಆ ನೀರು ನಮ್ಮ ಮೈ ತಣಿಸಲು ಇರುವುದಲ್ಲ.

ಮರಕುಟಿಗ

ಸನ್‌ಸ್ಕ್ರೀನ್ ಬೇಡ ಎಂದು ಮಾತ್ರ ಮಗುವಿಗೆ ಹೇಳಬೇಡಿ. ಹಚ್ಚಿ, ನೀರಿಗೆ ಇಳಿಸಬೇಡಿ. ಮುಗಿಯಿತು.

ಹೊಂಗೆನೆರಳು

ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆಯುತ್ತಿದ್ದೀರಿ, ತುಂಬ ಸಂತೋಷ. ನಾಯಿಯ ವಿಷಯ ಭಾವನಿಗೆ ಓದಿ ಹೇಳಿದೆ, ಅವರು ಮರುಮಾತಿಲ್ಲದೆ ಒಪ್ಪಿದರು. ಎರಡು ಪ್ರಶ್ನೆ ಉಳಿದಿವೆ. ಮಗಳ ನೀರಿನ ಬಟ್ಟಲುಗಳು, ಮತ್ತು ಹೊಂಡದ ಬಳಿ ಗಾಡಿಯ ಎಂಜಿನ್. ಎಂಜಿನ್ ಆರಿಸಿದರೆ ಒಳಗಿನ ತಂಪು ಹೋಗುತ್ತದೆ, ಅತ್ತೆಯವರಿಗೆ ರಕ್ತದೊತ್ತಡದ ತೊಂದರೆ ಇದೆ.

ಒಣಹಳ್ಳ

ನೀರಿನ ಬಟ್ಟಲಿನ ಬಗ್ಗೆ ನಾನು ಹೇಳುತ್ತೇನೆ, ಇದು ನನಗೆ ತುಂಬ ಹತ್ತಿರದ ವಿಷಯ.

ಮನೆಯ ಅಂಗಳದಲ್ಲಿ ಹಕ್ಕಿಗೆ ನೀರಿಡುವುದು ಒಳ್ಳೆಯ ಕೆಲಸ, ಮಗಳು ಅದನ್ನು ಮುಂದುವರಿಸಲಿ. ಅಭಯಾರಣ್ಯದೊಳಗೆ ಬೇಡ. ಒಳಗೆ ಎಲ್ಲಿ ನೀರಿದೆ ಎಂಬುದರ ಮೇಲೆ ಯಾವ ಪ್ರಾಣಿ ಎಲ್ಲಿ ಇರಬೇಕು ಎಂಬುದು ನಿಂತಿರುತ್ತದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದಲ್ಲಿ ಬರದಿಂದ ಪ್ರಾಣಿಗಳನ್ನು ಉಳಿಸಬೇಕೆಂದು ದಶಕಗಳ ಕಾಲ ಕೊಳವೆಬಾವಿ ಕೊರೆದು 300ಕ್ಕೂ ಹೆಚ್ಚು ಕೃತಕ ನೀರಿನ ತಾಣಗಳನ್ನು ಮಾಡಿದರು. ಉದ್ದೇಶ ಒಳ್ಳೆಯದೇ. ಆದರೆ ಅದುವರೆಗೆ ನೀರಿಲ್ಲದ ಉತ್ತರದ ಹುಲ್ಲುಗಾವಲಿಗೂ ಜೀಬ್ರಾ, ವಿಲ್ಡಬೀಸ್ಟ್ ಹಿಂಡುಗಳು ಬಂದವು, ಅವುಗಳ ಹಿಂದೆ ಸಿಂಹಗಳು ಬಂದವು. ಅಲ್ಲಿ ಮೊದಲಿನಿಂದ ಇದ್ದ ರೋನ್ ಎಂಬ ಅಪರೂಪದ ದೊಡ್ಡ ಹುಲ್ಲೆ ಕುಸಿದುಹೋಯಿತು. 1990ರ ದಶಕದಿಂದ ಆ ತಾಣಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದರು. ಪರಿಣತರು ಯೋಜಿಸಿ ಮಾಡಿದ್ದೇ ಹೀಗಾದರೆ, ದಾರಿಹೋಕರು ಇಟ್ಟ ಬಟ್ಟಲು ಏನೇನು ಮಾಡೀತು ಯೋಚಿಸಿ. ದಾರಿಯ ಅಂಚಿಗೆ ಪ್ರಾಣಿಗಳು ಬರುವುದನ್ನು ಕಲಿಯುತ್ತವೆ, ಗಾಡಿಗೆ ಸಿಕ್ಕಿ ಸಾಯುತ್ತವೆ. ಒಂದೇ ಬಟ್ಟಲಿನಲ್ಲಿ ಹತ್ತು ಜಾತಿಯ ಹಕ್ಕಿಗಳು ಕುಡಿದರೆ ರೋಗವೂ ಹರಡುತ್ತದೆ.

ಬಾಟಲಿಯಿಂದ ನೇರವಾಗಿ ಬಾಯಿಗೆ ಸುರಿಯುವುದು ಅದಕ್ಕಿಂತ ಅಪಾಯ. ಆಸ್ಟ್ರೇಲಿಯಾದ 2019–20ರ ಕಾಡ್ಗಿಚ್ಚಿನಲ್ಲಿ ಕೋಲಾಗಳಿಗೆ ಜನ ಬಾಟಲಿಯಿಂದ ನೀರು ಕುಡಿಸುವ ದೃಶ್ಯಗಳು ಎಲ್ಲೆಡೆ ಹರಿದಾಡಿದವು. ತಲೆ ಮೇಲೆತ್ತಿ ಕುಡಿದರೆ ನೀರು ಶ್ವಾಸಕೋಶಕ್ಕೆ ಇಳಿದು ಅವು ಸಾಯಬಹುದು, ಹಾಗೆ ಮಾಡಬೇಡಿ ಎಂದು ಅಲ್ಲಿನ ವನ್ಯಜೀವಿ ವೈದ್ಯರು ಕೇಳಿಕೊಳ್ಳಬೇಕಾಯಿತು. ಬಳಲಿದ ಪ್ರಾಣಿ ಕಂಡರೆ ಜಾಗ ಗುರುತು ಮಾಡಿಕೊಂಡು ಸಿಬ್ಬಂದಿಗೆ ಹೇಳಿ. ದೂರ ನಿಲ್ಲಿ.

ಟಿಟ್ಟಿಭ

ಒಣಹಳ್ಳ ಅವರ ಮಾತಿಗೆ ಒಂದು ಸೇರ್ಪಡೆ. ಮಗುವಿಗೆ 'ಬೇಡ' ಎಂದಷ್ಟೇ ಹೇಳಿದರೆ ಬೇಸರವಾಗುತ್ತದೆ. ಅವಳಿಗೆ ಒಂದು ಕೆಲಸ ಕೊಡಿ: ಯಾವ ಹಕ್ಕಿ ಕೊಕ್ಕು ತೆರೆದಿದೆ, ಯಾವುದು ನೆರಳಿನಲ್ಲಿದೆ, ಯಾವುದು ನೀರಿಗೆ ಬಂತು ಎಂದು ಪುಸ್ತಕದಲ್ಲಿ ಗುರುತು ಹಾಕಲಿ. ಆನೆ ಕಂಡರೆ ಕಿವಿ ಎಷ್ಟು ಬೇಗ ಬೀಸುತ್ತಿದೆ ನೋಡಲಿ. ಕಿವಿಯ ತೆಳು ಚರ್ಮದ ರಕ್ತನಾಳಗಳಿಂದ ಅದು ಮೈಶಾಖ ಬಿಡುತ್ತದೆ. ಆರು ವರ್ಷದ ಮಗು ಇದನ್ನು ಜನ್ಮದಲ್ಲಿ ಮರೆಯುವುದಿಲ್ಲ.

ದಿಬ್ಬದಾಚೆ

ಎಂಜಿನ್ ಬಗ್ಗೆ: ಹೊಂಡದ ಬಳಿ ಆರಿಸಲೇಬೇಕು. ಸದ್ದಿಗೆ ಪ್ರಾಣಿಗಳು ಹತ್ತಿರ ಬರುವುದಿಲ್ಲ.

ನಾಡಿಮಿಡಿತ

ದಿಬ್ಬದಾಚೆ ಅವರೇ, ಎಪ್ಪತ್ತು ದಾಟಿದ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರನ್ನು 40 ಡಿಗ್ರಿಯಲ್ಲಿ ನಿಂತ ಗಾಡಿಯೊಳಗೆ ಕೂರಿಸಿ ಎಂಜಿನ್ ಆರಿಸಿ ಎನ್ನುವುದನ್ನು ವೈದ್ಯೆಯಾಗಿ ನಾನು ಒಪ್ಪಲಾರೆ. ಒತ್ತಡದ ಕೆಲವು ಔಷಧಗಳು ದೇಹದ ನೀರನ್ನು ಹೊರಹಾಕುತ್ತವೆ, ಕೆಲವು ಹೃದಯದ ಬಡಿತ ಏರದಂತೆ ತಡೆಯುತ್ತವೆ. ಬಿಸಿಲಿನಲ್ಲಿ ಎರಡೂ ತೊಂದರೆಯೇ. ವಯಸ್ಸಾದಂತೆ ಬಾಯಾರಿಕೆ ತಿಳಿಯುವುದೂ ತಡ.

ದಿಬ್ಬದಾಚೆ

ಅವರು ಬೇಯಲಿ ಎಂದು ನಾನು ಹೇಳಲಿಲ್ಲ. ಆದರೆ ಸಾಲಾಗಿ ಹತ್ತು ಗಾಡಿಗಳು ಎಂಜಿನ್ ಓಡಿಸುತ್ತ ನೀರಿನ ದಾರಿಯನ್ನು ಕಟ್ಟಿ ನಿಂತರೆ ಹಿಂಡು ಪೊದೆಯಲ್ಲೇ ಉಳಿಯುತ್ತದೆ. ಇದನ್ನು ಕಣ್ಣಾರೆ ಕಂಡು ಬೇಸತ್ತು ಹೇಳುತ್ತಿದ್ದೇನೆ.

ಕಾಲುದಾರಿ

ಇಬ್ಬರೂ ಸರಿ, ಹಾಗಾಗಿ ಉತ್ತರ ಬೇರೆ ಕಡೆ ಇದೆ. ಹೊಂಡದ ಬಳಿ ಬಹಳ ಹೊತ್ತು ನಿಲ್ಲಬೇಡಿ. ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿ, ಪ್ರಾಣಿಗಳು ಬರುವ ದಾರಿಯನ್ನೂ ಹೋಗುವ ದಾರಿಯನ್ನೂ ತೆರೆದಿಡಿ, ಸ್ವಲ್ಪ ಹೊತ್ತಿಗೆ ಮುಂದೆ ಸಾಗಿ. ಬೆಳಗಿನ ತಂಪಿನಲ್ಲೇ ಹೋದರೆ ಕಿಟಕಿ ಇಳಿಸಿದರೂ ನಡೆಯುತ್ತದೆ, ಎಂಜಿನ್ ಪ್ರಶ್ನೆಯೇ ಏಳುವುದಿಲ್ಲ. ಬೆಳಗಿನ ಹೊತ್ತೂ ಅತ್ತೆಯವರಿಗೆ ಕಷ್ಟ ಎನಿಸುವಷ್ಟು ಬಿಸಿಲಿದ್ದರೆ ಆ ದಿನ ಅವರನ್ನು ಕರೆದೊಯ್ಯುವುದೇ ಬೇಡ.

ನಾಡಿಮಿಡಿತ

ಹೀಗೆ ಹೇಳಿದರೆ ಒಪ್ಪುತ್ತೇನೆ.

ಜೊತೆಗೆ ಎಲ್ಲರಿಗೂ ಇದು ತಿಳಿದಿರಲಿ. ತಲೆಸುತ್ತು, ವಾಕರಿಕೆ, ಸೆಳೆತ, ವಿಪರೀತ ಬೆವರು ಕಂಡರೆ ನೆರಳಿಗೆ ಕರೆತಂದು, ಮಲಗಿಸಿ, ಸ್ವಲ್ಪ ಸ್ವಲ್ಪವಾಗಿ ನೀರು ಕೊಟ್ಟು ಹಿಂದಿರುಗಿ. ಮಾತು ತೊದಲಿದರೆ, ಗೊಂದಲಗೊಂಡರೆ, ಪ್ರಜ್ಞೆ ತಪ್ಪುವಂತಾದರೆ ಅದು ಶಾಖಾಘಾತ. ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿರುತ್ತದೆ. ಬೆವರು ನಿಂತಿರಬೇಕೆಂದೇನೂ ಇಲ್ಲ, ನಡೆಯುತ್ತ ಕುಸಿದವರು ಬೆವರುತ್ತಲೂ ಇರಬಹುದು. ಆಂಬುಲೆನ್ಸ್ ಬರಲಿ ಎಂದು ಕಾಯದೆ ಆ ಕ್ಷಣವೇ ಮೈಯೆಲ್ಲ ನೀರು ಸುರಿದು ಗಾಳಿ ಹಾಕಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಇನ್ನೊಂದು ತುದಿಯ ಅಪಾಯವೂ ಇದೆ. ಗಂಟೆಗಟ್ಟಲೆ ಬೆವರುತ್ತ ಬರಿಯ ನೀರನ್ನೇ ಕುಡಿಯುತ್ತಿದ್ದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಚಾರಣಿಗರಿಗೆ ಇದರ ಬಗ್ಗೆ ಎಚ್ಚರಿಕೆ ಕೊಡುತ್ತಾರೆ. ಉಪ್ಪಿನಂಶವಿರುವ ತಿನಿಸು ಜೊತೆಗಿರಲಿ, ಅಥವಾ ಓಆರ್‌ಎಸ್ ಪೊಟ್ಟಣ.

ಅಲೆಮಾರಿ ಮೋಡ

ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಗುತ್ತದೆ ಎಂದು ನಂಬಿ ನಡೆಯುವವರಿಗೆ: 2024ರ ಜುಲೈನಲ್ಲಿ ಅಮೆರಿಕದ ಡೆತ್ ವ್ಯಾಲಿ ಮರುಭೂಮಿಯಲ್ಲಿ 53 ಡಿಗ್ರಿ ಬಿಸಿಲಿಗೆ ಮೋಟಾರ್‌ಸೈಕಲ್ ಸವಾರರು ಕುಸಿದರು, ಒಬ್ಬರು ತೀರಿಕೊಂಡರು. ವೈದ್ಯಕೀಯ ಹೆಲಿಕಾಪ್ಟರ್ ಬರಲಾಗಲಿಲ್ಲ. ಸುಮಾರು 49 ಡಿಗ್ರಿ ದಾಟಿದರೆ ಗಾಳಿ ತೆಳುವಾಗಿ ಅವು ಸುರಕ್ಷಿತವಾಗಿ ಹಾರಲಾರವು. ನಮ್ಮನ್ನು ಹುಡುಕಿ ಬರುವ ಸಿಬ್ಬಂದಿಯೂ ಅದೇ ಬಿಸಿಲಿನಲ್ಲಿ ನಡೆಯಬೇಕು ಎಂಬುದನ್ನು ನೆನಪಿಟ್ಟುಕೊಳ್ಳಿ.

ಕಾಡಿಗೆ ಬಿಡುವು

ನಾನು ಮೊದಲಿನಿಂದ ಹೇಳುತ್ತಿರುವುದೂ ಇದೇ. ಇಷ್ಟು ಎಚ್ಚರಿಕೆಗಳ ಪಟ್ಟಿ ಹಿಡಿದು ಹೋಗುವ ಬದಲು ಮಳೆ ಬಂದ ಮೇಲೆ ಹೋಗಿ.

ಒಣಹಳ್ಳ

ಬಿಡುವು ಅವರೇ, ಯಾರೂ ಹೋಗದ ಕಾಡಿನಲ್ಲಿ ಹೊಗೆಯನ್ನು ಮೊದಲು ಕಾಣುವವರು ಯಾರು? ನಿಯಮ ಪಾಲಿಸುವ ನಾಲ್ಕು ಕಣ್ಣುಗಳು ಒಳಗಿದ್ದರೆ ಕಾಡಿಗೆ ನಷ್ಟವಿಲ್ಲ. ಕಾಡಿನ ಅಂಚಿನವರ ದುಡಿಮೆಯೂ ಪ್ರವಾಸಿಗರ ಮೇಲೆ ನಿಂತಿದೆ. ಅವರ ಹೊಟ್ಟೆಪಾಡು ಹೋದರೆ ಕಾಡು ಅವರಿಗೆ ಏಕೆ ಬೇಕು?

ಕಾಡಿಗೆ ಬಿಡುವು

ದುಡಿಮೆಯ ಮಾತಿಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ, ಒಪ್ಪುತ್ತೇನೆ. ಆದರೂ ಅತಿ ಬಿಸಿಲಿನ ದಿನಗಳಷ್ಟನ್ನಾದರೂ ಬಿಟ್ಟುಕೊಡಿ ಎಂಬ ಮಾತಿನಿಂದ ಹಿಂದೆ ಸರಿಯಲಾರೆ.

ಮರಕುಟಿಗ

ವಿಷಯ ಸ್ವಲ್ಪ ಬೇರೆ. ಬುತ್ತಿ ಬಿಚ್ಚಲು ದೊಡ್ಡ ಮರದ ಅಡಿಯನ್ನೇ ಹುಡುಕುತ್ತೀರಿ. ಬಿಸಿಲಿನ, ಗಾಳಿಯಿಲ್ಲದ ಮಧ್ಯಾಹ್ನಗಳಲ್ಲಿ ಗಟ್ಟಿಮುಟ್ಟಾಗಿ ಕಾಣುವ ಕೊಂಬೆಯೂ ಏಕಾಏಕಿ ಮುರಿದು ಬೀಳುತ್ತದೆ. ಓಕ್, ನೀಲಗಿರಿಯಂಥ ಮರಗಳಲ್ಲಿ ಇದು ಹೆಸರಾದ ಸಂಗತಿ. ಮೇಲೆ ನೋಡಿ ಕುಳಿತುಕೊಳ್ಳಿ.

ಚಿಗುರೆಲೆ

ನೆರಳಿಗೆಂದು ದಾರಿ ಬಿಡುವುದೂ ಬೇಡ. ಅಮೆರಿಕದ ಯೂಟಾ ಮರುಭೂಮಿಯ ಉದ್ಯಾನಗಳಲ್ಲಿ ಮಣ್ಣಿನ ಮೇಲೆ ಕಪ್ಪಗೆ ಉಬ್ಬಿದ ಒಂದು ಪದರ ಇರುತ್ತದೆ. ಸೂಕ್ಷ್ಮಜೀವಿ, ಕಲ್ಲುಹೂವು, ಪಾಚಿ ಸೇರಿ ಕಟ್ಟಿದ ಜೀವಂತ ಪದರ. ಮಣ್ಣು ಗಾಳಿಗೆ ಹಾರದಂತೆ ಹಿಡಿದಿರುವುದು ಅದೇ. ಒಂದು ಹೆಜ್ಜೆಗೆ ಪುಡಿಯಾದದ್ದು ಮರಳಿ ಕಟ್ಟಿಕೊಳ್ಳಲು ದಶಕಗಳು ಬೇಕು. ಒಣಗಿದ್ದಾಗಲೇ ಅದು ಬೇಗ ಮುರಿಯುವುದು.

ಹೊಂಗೆನೆರಳು

ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅಭಯಾರಣ್ಯದ ಕಚೇರಿಯವರು ದಿನ ಬದಲಿಸಿಕೊಡಲು ಒಪ್ಪಿದ್ದಾರೆ, ಅತ್ತೆಯವರೂ ಮಗಳೂ ಬರುವ ಪ್ರವಾಸವನ್ನು ಮುಂದಕ್ಕೆ ಹಾಕಿದ್ದೇವೆ. ಭಾವ ಮತ್ತು ನಾನು ಮಾತ್ರ ಅದೇ ವಾರ ಒಂದು ಬೆಳಿಗ್ಗೆ, ದಾರಿ ತೆರೆದಿದ್ದರೆ, ಹೋಗಿ ಒಂಬತ್ತೂವರೆಯೊಳಗೆ ಹೊರಬರುತ್ತೇವೆ. ಬೂದಿಗುಡ್ಡ ಅವರೇ, ಒಳಗಿದ್ದಾಗ ಹೊಗೆ ಕಂಡರೆ ಏನು ಮಾಡಬೇಕು?

ಬೂದಿಗುಡ್ಡ

ಮೊದಲು ನೀವು ಸುರಕ್ಷಿತ ಜಾಗಕ್ಕೆ ಹೋಗಿ, ಆಮೇಲೆ ಫೋನ್. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಓಡುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಾದಂತೆ ವೇಗ ಸುಮಾರು ಇಮ್ಮಡಿ. ಅದಕ್ಕಾಗಿ ಗುಡ್ಡ ಹತ್ತಬೇಡಿ. ಗಾಳಿ ಬೀಸುವ ದಿಕ್ಕಿನಲ್ಲಿ ಮುಂದೆ ಮುಂದೆ ಓಡುವುದೂ ಬೇಡ, ಅಡ್ಡಲಾಗಿ ಸರಿದು ಬರಿನೆಲ, ಅಗಲವಾದ ರಸ್ತೆ, ಬಂಡೆಹಾಸು ಅಥವಾ ಆಗಲೇ ಸುಟ್ಟು ಆರಿದ ಜಾಗ ಸೇರಿಕೊಳ್ಳಿ. ಎಳೆಯ ಬೆಂಕಿ ಎಂದು ಸೊಪ್ಪು ಹಿಡಿದು ಬಡಿಯಲು ನಿಲ್ಲಬೇಡಿ.

ಅಭಯಾರಣ್ಯದ ಕಚೇರಿಯ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ, ಒಳಗೆ ಇಂಟರ್ನೆಟ್ ಸಿಗದಿರಬಹುದು. ನಕ್ಷೆಯನ್ನೂ ಇಳಿಸಿಕೊಂಡಿರಿ. ಮೊಬೈಲ್ ಬಿಸಿಲಿಗೆ ಕಾದು ತಾನಾಗಿ ಆರಿಹೋಗುತ್ತದೆ, ಚೀಲದೊಳಗೆ ಬಟ್ಟೆಯಲ್ಲಿ ಸುತ್ತಿಡಿ. ಕರೆ ಸಿಕ್ಕಾಗ ಹೇಳಬೇಕಾದದ್ದು ಇಷ್ಟು: ನೀವಿರುವ ದಾರಿಯ ಹೆಸರು ಅಥವಾ ಹತ್ತಿರದ ಫಲಕದ ಸಂಖ್ಯೆ, ಹೊಗೆ ಯಾವ ದಿಕ್ಕಿನಲ್ಲಿದೆ, ಬಿಳಿಯೋ ಕಪ್ಪೋ, ಗಾಳಿ ಎತ್ತ ಬೀಸುತ್ತಿದೆ, ಆ ಕಡೆ ಜನ ಇದ್ದಾರೆಯೇ. ಅವರು ಇಡಿ ಎನ್ನುವವರೆಗೆ ಫೋನ್ ಇಡಬೇಡಿ.

ಅಂಬೆಗಾಲು

ಫಲಕದ ಸಂಖ್ಯೆ ಎಂದಿರಲ್ಲ, ಎಲ್ಲ ಕಡೆಯೂ ಇರುತ್ತದೆಯೇ?

ಬೂದಿಗುಡ್ಡ

ಎಲ್ಲ ಕಡೆ ಇರುವುದಿಲ್ಲ. ಇಲ್ಲದ ಕಡೆ ಮೊಬೈಲ್ ನಕ್ಷೆಯಲ್ಲಿ ನೀವಿರುವ ಬಿಂದುವನ್ನು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶ ಬರುತ್ತದೆ. ಅದನ್ನು ಓದಿ ಹೇಳಿ. ಹೋಗುವ ಮುಂಚೆ ಮನೆಯಲ್ಲೇ ಒಮ್ಮೆ ಮಾಡಿ ನೋಡಿಕೊಳ್ಳಿ.